ಆ ರಾತ್ರಿ ವಾರ್ಡ್‌ನಲ್ಲಿ ಎಷ್ಟು ಜನ ಇದ್ದೆವು ಎಂದು ಬರೆಯಲು ಬಿಡಿ

ಮಾನಸಿಕ ಆರೋಗ್ಯ ಆಸ್ಪತ್ರೆಗಳ ಆಡಳಿತಾಧಿಕಾರಿಗಳಿಗೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವ ನರ್ಸ್. ಈ ಪತ್ರ ಒಂದು ಸುಳ್ಳಿನ ಬಗ್ಗೆ. ಅದನ್ನು ಬರೆದವಳು ನಾನೇ. ಕೇಸ್ ಶೀಟ್‌ನಲ್ಲಿ, ನನ್ನದೇ ಕೈಬರಹದಲ್ಲಿ ಬರೆದು ಕೆಳಗೆ ಸಹಿಯನ್ನೂ ಹಾಕಿದ್ದೇನೆ.

ಹೆಂಗಸರ ವಾರ್ಡ್. ನೈಟ್ ಡ್ಯೂಟಿಗೆ ನಾವು ಇಬ್ಬರು ನರ್ಸ್‌ಗಳು, ಒಬ್ಬ ಆಯಾ. ರಾತ್ರಿ ಎರಡರ ಹೊತ್ತಿಗೆ ಒಬ್ಬರಿಗೆ ಫಿಟ್ಸ್ ಬಂತು. ನನ್ನ ಜೊತೆಗಿದ್ದ ಸಿಸ್ಟರ್ ಅವರನ್ನು ಕರೆದುಕೊಂಡು ಎಮರ್ಜೆನ್ಸಿಗೆ ಹೋದರು. ವಾರ್ಡ್‌ನಲ್ಲಿ ಉಳಿದವರು 37 ಪೇಷಂಟ್‌ಗಳು, ನಾನು ಮತ್ತು ಆಯಾ. ಅದೇ ಹೊತ್ತಿಗೆ, ಮೂರು ದಿನದ ಹಿಂದೆ ಮೇನಿಯಾ (ಮಾತು, ಉತ್ಸಾಹ, ಓಡಾಟ ಎಲ್ಲ ಮಿತಿಮೀರುವ ಮನೋಸ್ಥಿತಿ) ಎಂದು ಅಡ್ಮಿಟ್ ಆಗಿದ್ದ ಒಬ್ಬ ಹೆಂಗಸು ಎದ್ದು ಓಡಾಡತೊಡಗಿದರು. ಮಗಳಿಗೆ ಈಗಲೇ ಫೋನ್ ಮಾಡಬೇಕು ಅಂತ ಬಾಗಿಲು ಬಡಿದರು. ಮತ್ತೆ ಬಂದು ನನ್ನ ಟೇಬಲ್ ಮುಂದೆ ನಿಂತರು. ಮತ್ತೆ ಹೋಗಿ ಬಡಿದರು. ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದರು. ಮೂಲೆಯ ಮಂಚದ ಅಜ್ಜಿ ಅಳಲು ಶುರು ಮಾಡಿದರು.

ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದೆ. ಅವರೂ ಫಿಟ್ಸ್ ಕೇಸ್ ಹತ್ತಿರವೇ ಇದ್ದರು. ‘ಕಟ್ಟಿ ಸಿಸ್ಟರ್, ಆಮೇಲೆ ಬಂದು ನೋಡ್ತೀನಿ’ ಅಂದರು. ಶೀಟ್‌ನಲ್ಲಿ ಮೊದಲೇ ‘ಎಸ್‌ಒಎಸ್ ರಿಸ್ಟ್ರೇಂಟ್’ ಅಂತ ಬರೆದೂ ಇತ್ತು. ಬೇಕಾದಾಗ ಕಟ್ಟಿಕೊಳ್ಳಿ ಅಂತ ಅದರ ಅರ್ಥ.

ಕೈಗಳನ್ನು ಮಂಚಕ್ಕೆ ಕಟ್ಟಿದೆವು. ಅವರು ಕೊಸರಾಡಲಿಲ್ಲ. ಕೈ ಚಾಚಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕರೆದರು. ‘ಸಿಸ್ಟರ್, ಮೂಗು ತುರಿಸ್ತಿದೆ.’ ಹೋಗಿ ತುರಿಸಿದೆ. ‘ಇನ್ನೂ ಸ್ವಲ್ಪ ಮೇಲೆ’ ಅಂದರು. ಅಲ್ಲೂ ತುರಿಸಿದೆ. ಎರಡನೇ ಸಲ ಕರೆದಾಗ ಅಜ್ಜಿಯ ಹತ್ತಿರ ಇದ್ದೆ. ತಕ್ಷಣ ಹೋಗಲು ಆಗಲಿಲ್ಲ. ಹೋಗುವಷ್ಟರಲ್ಲಿ ಕರೆಯುವುದನ್ನು ನಿಲ್ಲಿಸಿ ಸುಮ್ನೆ ಛಾವಣಿ ನೋಡುತ್ತಿದ್ದರು. ಬೆಳಗಿನ ಜಾವ ಐದು ಗಂಟೆಗೆ ಬಿಚ್ಚಿದೆ.

ನಾನು ಬರೆದದ್ದು ಇಷ್ಟು: ‘ರೋಗಿ ಉದ್ರಿಕ್ತರಾಗಿದ್ದರು. ತಮಗೂ ಇತರರಿಗೂ ಅಪಾಯ ಮಾಡುವ ಸಾಧ್ಯತೆ ಇತ್ತು. ವೈದ್ಯರ ಸೂಚನೆಯಂತೆ ಕೈ ಕಟ್ಟಲಾಯಿತು.’

ಇದು ನಮಗೆಲ್ಲ ಬಾಯಿಪಾಠ. ಹಿರಿಯರ ಶೀಟ್ ನೋಡಿ ನಾವು ಕಲಿತೆವು, ನಮ್ಮದು ನೋಡಿ ಕಿರಿಯರು ಕಲಿಯುತ್ತಾರೆ. ‘ಕಟ್ಟಲಾಯಿತು’ ಎಂಬಲ್ಲಿ ಯಾರು ಕಟ್ಟಿದರು ಎಂಬುದೇ ಇಲ್ಲ. ಆಕೆ ಯಾರ ಮೇಲೂ ಕೈ ಎತ್ತಿರಲಿಲ್ಲ. ನಾನು ಕಟ್ಟಿದ್ದು 37 ಜನರ ನಡುವೆ ಒಬ್ಬಳೇ ಇದ್ದೆ ಎಂಬ ಕಾರಣಕ್ಕೆ. ಆ ಕಾರಣವನ್ನು ಬರೆಯಲು ಶೀಟ್‌ನಲ್ಲಿ ಜಾಗ ಇರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಆದರೂ ಬರೆಯುತ್ತೇನೆ, ಯಾಕಂದರೆ ಈ ಪತ್ರವನ್ನು ಪೇಷಂಟ್‌ಗಳ ಮನೆಯವರೂ ಓದುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 97 ಕಟ್ಟುವ ವಿಷಯಕ್ಕೇ ಮೀಸಲು. ಒಬ್ಬಂಟಿಯಾಗಿ ಕೋಣೆಯಲ್ಲಿ ಕೂಡಿಹಾಕುವಂತೆಯೇ ಇಲ್ಲ. ಕಟ್ಟುವುದಾದರೆ, ಕಣ್ಣ ಮುಂದೆಯೇ ಆಗಲಿರುವ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲ ಎಂದಾಗ ಮಾತ್ರ. ಅದಕ್ಕೆ ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆ ಇರಬೇಕು. ಅಪಾಯ ಕಳೆದ ಮೇಲೆ ಒಂದು ನಿಮಿಷವೂ ಮುಂದುವರಿಸಬಾರದು. ಹೇಗೆ ಕಟ್ಟಿದಿರಿ, ಯಾಕೆ ಕಟ್ಟಿದಿರಿ, ಎಷ್ಟು ಹೊತ್ತು ಕಟ್ಟಿದಿರಿ ಎಂಬುದು ಕೂಡಲೇ ದಾಖಲೆಗೆ ಬರಬೇಕು. 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ರೋಗಿಯ ಪರವಾಗಿ ಹೆಸರಿಸಿದ ವ್ಯಕ್ತಿಗೆ, ತಿಳಿಸಬೇಕು. ತಿಂಗಳಿಗೊಮ್ಮೆ ಇಂಥ ಎಲ್ಲ ಪ್ರಕರಣಗಳ ವರದಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು.

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಶಿಕ್ಷೆ ಎಂದು ಕಟ್ಟಬಾರದು, ಹೆದರಿಸಲು ಕಟ್ಟಬಾರದು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಆಸ್ಪತ್ರೆ ಕಟ್ಟುವಂತಿಲ್ಲ.

ಆ ಸಾಲನ್ನು ಬರೆದವರಿಗೆ ವಾರ್ಡ್‌ಗಳಲ್ಲಿ ನಡೆಯುವುದು ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಏನಾಗುತ್ತದೆ, ಬೆಳಿಗ್ಗೆ ಏನು ಬರೆಯುತ್ತಾರೆ ಎಂಬ ಅಂದಾಜು ಇಲ್ಲದವರು ಅಂಥ ಸಾಲು ಸೇರಿಸುತ್ತಿರಲಿಲ್ಲ. ಈಗ ಏನಾಗಿದೆ ನೋಡಿ. ಕಾನೂನು ಒಪ್ಪದ ಕಾರಣವನ್ನು ಯಾರೂ ಬರೆಯುವುದಿಲ್ಲ. ಕಾನೂನು ಒಪ್ಪುವ ಕಾರಣವನ್ನೇ ಎಲ್ಲರೂ ಬರೆಯುತ್ತೇವೆ. ಮಂಡಳಿಗೆ ಹೋಗುವ ವರದಿಯಲ್ಲಿ ಸಾಲುಸಾಲು ಉದ್ರಿಕ್ತ ರೋಗಿಗಳೇ ಇರುತ್ತಾರೆ. ಜನ ಸಾಲದ ವಾರ್ಡ್ ಒಂದೂ ಇರುವುದಿಲ್ಲ. ವರದಿ ಓದಿದವರಿಗೆ ತಪ್ಪು ರೋಗಿಯದ್ದು ಅನ್ನಿಸುತ್ತದೆ ಅಲ್ವಾ?

ಕಾಯ್ದೆಯ ಪ್ರಕಾರ ಈ ಮಂಡಳಿಯಲ್ಲಿ ನ್ಯಾಯಾಧೀಶರಿದ್ದಾರೆ, ಜಿಲ್ಲಾಡಳಿತದ ಪ್ರತಿನಿಧಿ ಇದ್ದಾರೆ, ಮನೋವೈದ್ಯರಿದ್ದಾರೆ, ಇನ್ನೊಬ್ಬ ವೈದ್ಯರಿದ್ದಾರೆ. ಕಾಯಿಲೆ ಅನುಭವಿಸಿದವರು, ಆರೈಕೆ ಮಾಡಿದವರು ಅಥವಾ ಅವರ ಸಂಘಟನೆಯವರಿಗೂ ಜಾಗವಿದೆ, ಅದು ತುಂಬಾ ಒಳ್ಳೆಯದು. ನರ್ಸ್‌ಗೆ ಮಾತ್ರ ಅಲ್ಲಿ ಮೀಸಲಾದ ಕುರ್ಚಿ ಇಲ್ಲ. ಹಾಗಾಗಿ ನಾವು ಬರೆದದ್ದನ್ನು ಓದಿ, ‘ಇದು ಬಾಯಿಪಾಠದ ಸಾಲು, ನಿಜವಾಗಿ ಏನಾಯಿತು ಕೇಳಿ’ ಎಂದು ಹೇಳುವವರು ಅಲ್ಲಿ ಇಲ್ಲದೇ ಹೋಗಬಹುದು. ಅದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಕಟ್ಟುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ನನಗೆ ಕಪಾಳಕ್ಕೆ ಬಿದ್ದಿದೆ. ಕನ್ನಡಕ ಒಡೆದಿದೆ. ಒಬ್ಬ ಹುಡುಗಿ ಕಿಟಕಿಯ ಗಾಜಿಗೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ನಾವು ಮೂವರು ಸೇರಿ ಹಿಡಿದು ಕಟ್ಟಿದ್ದೇವೆ. ಅವತ್ತು ಕಟ್ಟಿದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ಅಂಥ ಹೊತ್ತಿನಲ್ಲಿ ಕಟ್ಟದಿದ್ದರೆ ಅದೇ ನಿರ್ಲಕ್ಷ್ಯ. ಹುಡುಗಿಯನ್ನು ಕಟ್ಟಿದ್ದಕ್ಕೂ ಮಗಳಿಗೆ ಫೋನ್ ಕೇಳಿದ ಹೆಂಗಸನ್ನು ಕಟ್ಟಿದ್ದಕ್ಕೂ ಶೀಟ್‌ನಲ್ಲಿ ಒಂದೇ ಸಾಲು ಬರೆದಿದ್ದೇವಲ್ಲ, ನನ್ನ ಸಂಕಟ ಅದು.

ಸರಿಯಾಗಿ ಕಟ್ಟಲಿಕ್ಕೆ, ಕಟ್ಟದೆ ಇರುವುದಕ್ಕಿಂತ ಜಾಸ್ತಿ ಜನ ಬೇಕು. ಇದು ಆಡಳಿತದವರಿಗೆ ಅರ್ಥವಾಗಬೇಕು. ಬಟ್ಟೆಗೂ ಮಣಿಕಟ್ಟಿಗೂ ನಡುವೆ ಎರಡು ಬೆರಳು ಆರಾಮಾಗಿ ಹೋಗಬೇಕು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಬೇಕು, ಮಂಚದ ಅಲುಗಾಡದ ಭಾಗಕ್ಕೆ ಹಾಕಬೇಕು. ಬೋರಲು ಮಲಗಿಸಿ ಅದುಮಿ ಹಿಡಿಯಬಾರದು, ಉಸಿರು ಕಟ್ಟಿ ಜನ ಸತ್ತಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಹೋಗಿ ನೋಡಬೇಕು. ಬೆರಳು ಬೆಚ್ಚಗಿದೆಯಾ, ಉಗುರಿನ ಬಣ್ಣ ಬದಲಾಗಿದೆಯಾ, ಉಸಿರು ಹೇಗಿದೆ, ನೀರು ಬೇಕಾ, ಮೂತ್ರಕ್ಕೆ ಹೋಗಬೇಕಾ. ಕೈಕಾಲು ಒಂದೊಂದಾಗಿ ಬಿಚ್ಚಿ ಆಡಿಸಬೇಕು. ಗಂಟೆಗಟ್ಟಲೆ ಕಟ್ಟಿಹಾಕಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣವೇ ಹೋಗಬಹುದು. ಇಷ್ಟನ್ನೂ ಒಬ್ಬಳು ನರ್ಸ್ 37 ಜನರನ್ನು ನೋಡಿಕೊಳ್ಳುತ್ತಾ ಮಾಡಲು ಸಾಧ್ಯವಿಲ್ಲ. ಅಂದರೆ ಜನ ಇಲ್ಲ ಎಂದು ಯಾರನ್ನು ಕಟ್ಟುತ್ತೇವೋ ಅವರನ್ನು ನೋಡಿಕೊಳ್ಳಲೂ ಜನ ಇರುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ನೋಡಿದೆ ಎಂದು ಬೆಳಿಗ್ಗೆ ಒಟ್ಟಿಗೆ ಕೂತು ಚಾರ್ಟ್ ತುಂಬಿಸುವವರನ್ನು ಕಂಡಿದ್ದೇನೆ. ಮೊದಲ ಸುಳ್ಳನ್ನು ಬರೆದ ಪೆನ್ನಿನಲ್ಲೇ ಎರಡನೆಯದನ್ನೂ ಬರೆಯುತ್ತೇವೆ.

ಕಟ್ಟುವ ಬದಲು ಇಂಜೆಕ್ಷನ್ ಕೊಟ್ಟರೆ ಆಯಿತು ಎನ್ನುವವರಿದ್ದಾರೆ. ಕಾಯಿಲೆಗೆ ಕೊಡುವ ಔಷಧಿ ಬೇರೆ, ವಾರ್ಡ್ ನಿಶ್ಶಬ್ದವಾಗಲಿ ಎಂದು ಕೊಡುವ ಔಷಧಿ ಬೇರೆ. ಸಿರಿಂಜ್ ಒಂದೇ ಆದರೂ ಕೊಡುವವರಿಗೆ ವ್ಯತ್ಯಾಸ ಗೊತ್ತಿರುತ್ತದೆ. ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧಿ ಕೊಟ್ಟ ಮೇಲೆ ಒಬ್ಬ ಹುಡುಗನ ಕತ್ತು ಒಂದು ಕಡೆಗೆ ತಿರುಚಿಕೊಂಡಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ‘ನಾಟಕ ಮಾಡ್ತಿದಾನೆ, ಇನ್ನೊಂದು ಡೋಸ್ ಕೊಡಿ’ ಎಂದರು ಪಕ್ಕದಲ್ಲಿದ್ದವರು. ಅದು ಡಿಸ್ಟೋನಿಯಾ, ಅಂದರೆ ಸ್ನಾಯುಗಳು ತಾವಾಗಿಯೇ ಬಿಗಿದು ತಿರುಚಿಕೊಳ್ಳುವುದು, ಆ ಔಷಧಿಯದ್ದೇ ಅಡ್ಡಪರಿಣಾಮ. ಡಾಕ್ಟರ್ ಬಂದು ಪ್ರೊಮೆಥಾಜಿನ್ ಕೊಡಿಸಿದ ಮೇಲೆ ಕತ್ತು ಮೆಲ್ಲಗೆ ಸಡಿಲವಾಯಿತು. ಹುಡುಗ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ, ತರಬೇತಿ ಬೇಕು. ಜನರಲ್ ವಾರ್ಡ್‌ನಿಂದ ನಿನ್ನೆ ವರ್ಗವಾಗಿ ಬಂದ ನರ್ಸ್‌ಗೆ ಇವತ್ತು ರಾತ್ರಿ ಮನೋರೋಗ ವಾರ್ಡ್ ಒಪ್ಪಿಸಿದರೆ ಅವರಿಗೂ ಅನ್ಯಾಯ, ಆ ಹುಡುಗನಿಗೂ ಅನ್ಯಾಯ.

ಈ ಕಾಯ್ದೆ ಸುಮ್ನೆ ಬಂದದ್ದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಒಂದು ಶೆಡ್‌ಗೆ ಬೆಂಕಿ ಬಿತ್ತು. ಅಲ್ಲಿದ್ದವರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಓಡಲು ಆಗದೆ 28 ಮಂದಿ ಸತ್ತರು. ಇವತ್ತಿನ ಕಾಯ್ದೆಯ ಸೆಕ್ಷನ್ 95 ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಅರಿವಳಿಕೆ ಇಲ್ಲದೆ ಇಸಿಟಿ (ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಡುವುದನ್ನೂ ಅದೇ ಸೆಕ್ಷನ್ ನಿಷೇಧಿಸಿದೆ. ನಮ್ಮ ಆಸ್ಪತ್ರೆಗಳಲ್ಲಿ ಸರಪಳಿ ಇಲ್ಲ, ಮೆತ್ತನೆಯ ಬಟ್ಟೆಯ ಪಟ್ಟಿ ಇದೆ. ಆದರೆ ರಾತ್ರಿ ಬೆಂಕಿ ಬಿದ್ದರೆ ಕಟ್ಟಿದವರನ್ನೆಲ್ಲ ಬಿಚ್ಚಲು ಎಷ್ಟು ಕೈಗಳಿವೆ? ನೈಟ್ ಡ್ಯೂಟಿಯಲ್ಲಿ ಈ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಲೇ ಇರುತ್ತದೆ.

ಕಟ್ಟದೆ ನಡೆಸಲು ಸಾಧ್ಯವಾ ಎಂದು ಕೇಳಬಹುದು. ಲಂಡನ್ ಹತ್ತಿರದ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕೊನೊಲಿ ಎಂಬ ವೈದ್ಯ 1839ರಲ್ಲೇ ಕಟ್ಟುವ ಸಾಧನಗಳನ್ನೆಲ್ಲ ನಿಲ್ಲಿಸಿದರು. ಆಗ ಇಂದಿನ ಯಾವ ಔಷಧಿಯೂ ಇರಲಿಲ್ಲ. ಇಂದಿನ ಮನೋರೋಗ ಔಷಧಿಗಳಲ್ಲಿ ಮೊದಲಿನದಾದ ಕ್ಲೋರ್‌ಪ್ರೊಮಜಿನ್ ಬಂದದ್ದು 1950ರ ದಶಕದಲ್ಲಿ. ಬೆಲ್ಟು ತೆಗೆದ ಮೇಲೆ ಆ ಜಾಗಕ್ಕೆ ಒಳ್ಳೆಯ ಮನುಷ್ಯರು ಬೇಕು, ಸಾಕಷ್ಟು ಮಂದಿ ಬೇಕು ಎಂಬುದೂ ಅವರ ವಾದವಾಗಿತ್ತು. ನಮ್ಮ ಕಾಲದಲ್ಲಿ ಇಂಗ್ಲೆಂಡಿನಲ್ಲಿ ‘ಸೇಫ್‌ವಾರ್ಡ್ಸ್’ ಎಂಬ ವಿಧಾನವನ್ನು 31 ವಾರ್ಡ್‌ಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಲವಾಗಿ ಹಿಡಿದಿಡುವುದು, ಕೂಡಿಹಾಕುವುದು, ಬಲವಂತದ ಔಷಧಿ ಮುಂತಾದವು ಸುಮಾರು ನಾಲ್ಕನೇ ಒಂದು ಪಾಲು ಕಡಿಮೆಯಾದವು. ಅವರು ಮಾಡಿದ್ದು ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳುವುದು. ಮನೆಯಿಂದ ಕೆಟ್ಟ ಸುದ್ದಿ ಬಂದರೆ, ರಜೆ ಸಿಗದಿದ್ದರೆ, ಅದು ರೋಗಿಗೆ ತಟ್ಟುವ ಮೊದಲೇ ನರ್ಸ್ ಪಕ್ಕದಲ್ಲಿ ಕೂರುವುದು. ‘ಇಲ್ಲ, ಆಗಲ್ಲ’ ಎನ್ನುವುದನ್ನು ಹೇಗೆ ಮೆತ್ತಗೆ ಹೇಳಬೇಕೆಂದು ಕಲಿಯುವುದು. ವಾರ್ಡ್‌ನಲ್ಲಿ ಗಲಾಟೆ ಆದ ಮೇಲೆ ಉಳಿದವರಿಗೆ ಧೈರ್ಯ ಹೇಳುವುದು.

ಆ ರಾತ್ರಿ ನಾನು ಹತ್ತು ನಿಮಿಷ ಕೂತು ಆ ಹೆಂಗಸಿನ ಮಗಳ ಬಗ್ಗೆ ಕೇಳಿದ್ದರೆ? ಬೆಳಿಗ್ಗೆ ಏಳಕ್ಕೆ ಫೋನ್ ಹಚ್ಚಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರೆ? ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ನನ್ನ ಹತ್ತಿರ ಆ ಹತ್ತು ನಿಮಿಷ ಇರಲಿಲ್ಲ.

ಮನೆಯವರಿಗೂ ಎರಡು ಮಾತು. ಊಟದಲ್ಲಿ ಗೊತ್ತಾಗದ ಹಾಗೆ ಮಾತ್ರೆ ಬೆರೆಸಿ ಕೊಡಿ ಎಂದು ನಮ್ಮನ್ನು ಕೇಳಬೇಡಿ. ನಿಮ್ಮ ಕಷ್ಟ ಅರ್ಥವಾಗುತ್ತದೆ. ಒಮ್ಮೆ ಗೊತ್ತಾದರೆ ಅವರು ಊಟವನ್ನೂ ನಂಬುವುದಿಲ್ಲ, ನಮ್ಮನ್ನೂ ನಂಬುವುದಿಲ್ಲ. ತಾವೇ ಒಪ್ಪಿ ಅಡ್ಮಿಟ್ ಆದವರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದೇ ಚಿಕಿತ್ಸೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ವಾರ್ಡ್‌ನೊಳಗೆ ಫೋಟೊ, ವಿಡಿಯೊ ಬೇಡ. ಅಲ್ಲಿರುವವರ ಕಾಯಿಲೆಯ ವಿಷಯ ಗುಟ್ಟಾಗಿರಬೇಕು ಎಂಬುದು ಸೆಕ್ಷನ್ 23 ಕೊಟ್ಟ ಹಕ್ಕು. ಇನ್ನೊಬ್ಬರ ಜೀವಕ್ಕೆ ಅಪಾಯ ಇದೆ ಎಂದಾಗ ಬಾಯಿ ಬಿಡಬಹುದು, ಅದೂ ಬೇಕಾದಷ್ಟೇ. ನಿಮ್ಮವರು ಹುಷಾರಾಗಿ ಕೆಲಸ ಹುಡುಕುವ ದಿನ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಈಗ ನಾನು ಕೇಳುತ್ತಿರುವುದಕ್ಕೆ ಬರುತ್ತೇನೆ. ಎಷ್ಟು ರೋಗಿಗಳಿಗೆ ಎಷ್ಟು ನರ್ಸ್ ಇರಬೇಕು ಎಂಬ ಚರ್ಚೆ ವರ್ಷಗಳಿಂದ ನಡೆದಿದೆ, ಇನ್ನೂ ನಡೆಯುತ್ತದೆ. ಹೊಸ ನೇಮಕಾತಿ ನಾಳೆಯೇ ಆಗುವುದಿಲ್ಲ ಎಂದು ನನಗೂ ಗೊತ್ತು. ನಾಳೆಯೇ ಆಗಬಹುದಾದ ಒಂದು ಕೆಲಸ ಇದೆ. ರಿಸ್ಟ್ರೇಂಟ್ ರಿಜಿಸ್ಟರ್‌ಗೆ ಒಂದು ಕಾಲಮ್ ಸೇರಿಸಿ. ಕಟ್ಟಿದ ಆ ಹೊತ್ತಿನಲ್ಲಿ ವಾರ್ಡ್‌ನಲ್ಲಿ ರೋಗಿಗಳು ಎಷ್ಟು, ನರ್ಸ್‌ಗಳು ಎಷ್ಟು. ಎರಡೇ ಅಂಕಿ. ಡ್ಯೂಟಿ ರೋಸ್ಟರ್‌ನಲ್ಲಿದ್ದವರ ಸಂಖ್ಯೆ ಬೇಡ, ನಿಜವಾಗಿ ಅಲ್ಲಿ ನಿಂತಿದ್ದವರ ಸಂಖ್ಯೆ ಬೇಕು. ಆ ಅಂಕಿ ತಿಂಗಳ ವರದಿಯ ಜೊತೆ ಮಂಡಳಿಗೂ ಹೋಗಲಿ. ಹಾಗೆ ಬರೆದ ನರ್ಸ್‌ಗೆ ಮೆಮೊ ಕೊಡುವುದಿಲ್ಲ ಎಂದು ಸೂಪರಿಂಟೆಂಡೆಂಟರು ಲಿಖಿತವಾಗಿ ಹೇಳಲಿ. ‘ಎಸ್‌ಒಎಸ್ ರಿಸ್ಟ್ರೇಂಟ್’ ಎಂದು ಮುಂಚೆಯೇ ಬರೆದಿಡುವ ಅಭ್ಯಾಸ ನಿಲ್ಲಲಿ. ಇನ್ನೂ ಆಗದ ಅಪಾಯಕ್ಕೆ ಇವತ್ತೇ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಫೋನ್‌ನಲ್ಲಿ ಹೇಳಿದ್ದರೆ ಡಾಕ್ಟರ್ ಬಂದು, ರೋಗಿಯನ್ನು ನೋಡಿ, ಸಮಯ ಹಾಕಿ ಸಹಿ ಮಾಡಲಿ.

ಇದನ್ನೆಲ್ಲ ಕೇಳುವಾಗ ನನ್ನ ಪಾಲಿನ ತಪ್ಪಿನಿಂದ ನುಣುಚಿಕೊಳ್ಳುತ್ತಿಲ್ಲ. ಕಾಯ್ದೆ ಮೀರಿದವರಿಗೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಡಾಕ್ಟರ್ ಹೇಳಿದರು, ನಾನು ಮಾಡಿದೆ’ ಎಂಬುದು ನರ್ಸ್‌ಗೆ ಪೂರ್ತಿ ರಕ್ಷಣೆ ಅಲ್ಲ. ರಿಜಿಸ್ಟ್ರೇಷನ್ ನನ್ನ ಹೆಸರಿನಲ್ಲಿದೆ. ನಾನು ಮಾಡುವ ಕೆಲಸಕ್ಕೂ ಮಾಡದೆ ಬಿಟ್ಟದ್ದಕ್ಕೂ ನಾನೇ ಉತ್ತರ ಕೊಡಬೇಕು ಎಂದು ಓದುವಾಗಲೇ ಹೇಳಿಕೊಟ್ಟಿದ್ದರು. ಜೊತೆಯ ಸಿಸ್ಟರ್‌ಗಳೇ, ಬ್ರದರ್‌ಗಳೇ, ನೀವೂ ಒಂದು ಸಲ ನಿಮ್ಮ ಹಳೆಯ ಶೀಟ್‌ಗಳನ್ನು ನೆನಪು ಮಾಡಿಕೊಳ್ಳಿ.

ನನ್ನನ್ನು ನಿಜವಾಗಿ ಕಾಡುವುದು ಜೈಲಿನ ಹೆದರಿಕೆ ಅಲ್ಲ. ಸೆಕ್ಷನ್ 25ರ ಪ್ರಕಾರ ರೋಗಿಗೆ ತನ್ನ ಚಿಕಿತ್ಸೆಯ ಪ್ರಾಥಮಿಕ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕಿದೆ. ಆಕೆ ಒಂದು ದಿನ ಅದನ್ನು ಓದಬಹುದು. ಮೇನಿಯಾದ ದಿನಗಳು ಎಷ್ಟೋ ಜನಕ್ಕೆ ಪೂರ್ತಿ ನೆನಪಿರುವುದಿಲ್ಲ. ನಾನು ಬರೆದದ್ದೇ ಆಕೆಯ ನೆನಪಾಗಿಬಿಡುತ್ತದೆ. ತಾನು ಯಾರನ್ನೋ ಹೊಡೆಯಲು ಹೋಗಿದ್ದೆ ಎಂದು ಆಕೆ ನಂಬುತ್ತಾಳೆ. ಮತ್ತೆ ಅಡ್ಮಿಟ್ ಆದರೆ ಹೊಸ ಡಾಕ್ಟರ್ ಹಳೆಯ ಫೈಲ್ ತೆರೆದು ‘ಉದ್ರಿಕ್ತ’ ಎಂಬ ಪದ ನೋಡುತ್ತಾರೆ. ಮೊದಲ ರಾತ್ರಿಯೇ ಬಟ್ಟೆಯ ಪಟ್ಟಿ ಹೊರಗೆ ಬರುತ್ತದೆ.

ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ, ಅದು ನಿಯಮ. ತಡವಾದ ಟಿಪ್ಪಣಿ ಎಂದು ದಿನಾಂಕ ಹಾಕಿ ಕೆಳಗೆ ಸೇರಿಸಬಹುದು. ಅದಕ್ಕೆ ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಸೇರಿಸಬೇಕೆಂದಿರುವ ಟಿಪ್ಪಣಿ ಇದು:

‘ಆ ರಾತ್ರಿ ರೋಗಿ ಯಾರ ಮೇಲೂ ಕೈ ಮಾಡಲಿಲ್ಲ. ಮಗಳಿಗೆ ಫೋನ್ ಮಾಡಬೇಕೆಂದು ಕೇಳುತ್ತಿದ್ದರು. ವಾರ್ಡ್‌ನಲ್ಲಿ 37 ರೋಗಿಗಳು, ಒಬ್ಬ ನರ್ಸ್. ಕಟ್ಟಿದ್ದು ನಾನು.’

ಇಂತಿ,
ಮನೋರೋಗ ವಿಭಾಗದ ಒಬ್ಬ ನರ್ಸ್